ಊರಿಲ್ಲದ ದ್ವೀಪ, ಊರಿರುವ ದ್ವೀಪ: ಹಡಗಿನಿಂದ ಇಳಿದು ನೋಡಿದ್ದು

ಮಗಳ ಮನೆ ಸಿಡ್ನಿಯಲ್ಲಿ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಮೊಮ್ಮಗನಿಗೆ ಶಾಲೆ ರಜೆ ಸಿಕ್ಕಿತು. ಐದು ಜನವೂ ಸೇರಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋಗಿಬರುವ ಹತ್ತು ರಾತ್ರಿಯ ಹಡಗು ಹತ್ತಿದೆವು. ಟಿಕೆಟ್‌ನಲ್ಲಿ ನಾಲ್ಕು ದ್ವೀಪ ಅಂತಿತ್ತು. ಸಿಕ್ಕಿದ್ದು ಮೂರು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ನನ್ನ ತಂಗಿಯೂ ಮಗನ ಮನೆಗೆ ಹೊರಟಿದ್ದಾಳೆ. "ಅಕ್ಕಾ, ಯಾವ ದ್ವೀಪಕ್ಕೆ ಹೋಗುವ ಹಡಗು ಹಿಡಿಯಲಿ?" ಅಂತ ಕೇಳಿದಳು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನನಗೆ ಈಜು ಬರುವುದಿಲ್ಲ, ಮಂಡಿ ನೋವಿದೆ, ಮೀನು ತಿನ್ನುವುದಿಲ್ಲ. ನನ್ನ ತೀರ್ಪು ಓದುವಾಗ ಈ ಮೂರನ್ನೂ ನೆನಪಿಟ್ಟುಕೊಳ್ಳಿ. ನಮ್ಮ ಯಜಮಾನರದ್ದು ಪೂರ್ತಿ ಬೇರೆ ತೀರ್ಪು.

ಮೂರೂ ಕಡೆ ಸಮಾನವಾದದ್ದು ಒಂದಿದೆ. ದೊಡ್ಡ ಹಡಗು ಬಂದು ತಾಗುವಂಥ ಧಕ್ಕೆ ಅಲ್ಲಿಲ್ಲ. ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಚಿಕ್ಕ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಅದಕ್ಕೆ ಟೆಂಡರ್ ಅನ್ನುತ್ತಾರೆ. ನಂಬರ್ ಚೀಟಿ ಹಿಡಿದು ಕಾಯಬೇಕು. ನಮ್ಮ ಹಡಗಿನಲ್ಲಿ ಸುಮಾರು 2,000 ಪ್ರಯಾಣಿಕರಿದ್ದರು, ಹಾಗಾಗಿ ಬೆಳಗ್ಗೆ ಎಂಟಕ್ಕೆ ಲಂಗರು ಬಿದ್ದರೂ ಕಾಲಿಗೆ ಮರಳು ತಾಗುವಾಗ ಒಂಬತ್ತೂವರೆ. ಕೊನೆಯ ಟೆಂಡರ್ ಮೂರೂವರೆಗೆ. ಅಂದರೆ ಒಂದು ದ್ವೀಪಕ್ಕೆ ಸಿಗುವುದು ಆರು ಗಂಟೆ. ಒಂದು ಊರನ್ನು ನೋಡಲು ಇದು ಸಾಲದು, ಸಮುದ್ರದಲ್ಲಿ ಆಡಲು ಬೇಕಾದಷ್ಟಾಯಿತು.

ಸಿಡ್ನಿ ಬಿಟ್ಟ ಮೇಲೆ ಎರಡು ದಿನ ಬರೀ ನೀರು. ಮೂರನೇ ಬೆಳಗ್ಗೆ ಕಂಡದ್ದು ಐಲ್ ಆಫ್ ಪೈನ್ಸ್. ಇದು ಫ್ರಾನ್ಸಿನ ಕೈಯಲ್ಲಿರುವ ನ್ಯೂ ಕ್ಯಾಲಿಡೋನಿಯಾದ ದಕ್ಷಿಣ ತುದಿಯ ದ್ವೀಪ. 1774ರಲ್ಲಿ ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ದೂರದಿಂದ ನೋಡಿ ಈ ಹೆಸರಿಟ್ಟ. ಹಡಗಿನ ಕೂವೆಮರಗಳನ್ನು ಸಾಲಾಗಿ ನೆಟ್ಟ ಹಾಗೆ ನೆಟ್ಟಗೆ ನಿಂತ ಮರಗಳು. ಚಂದದ ಮಾತು ಬಂದರೆ ಮೂರರಲ್ಲಿ ಇದೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಕುಟೊ ಅನ್ನುವ ಕಡಲತೀರದ ಮರಳು ಮೈದಾಹಿಟ್ಟಿನ ಹಾಗೆ. ಮರವಂತೆಯ ಮರಳು ನೋಡಿ ಬೆಳೆದವಳು ನಾನು, ಆದರೂ ಬಗ್ಗಿ ಮುಟ್ಟಿ ನೋಡಿದೆ. ಐದು ನಿಮಿಷ ನಡೆದರೆ ಆ ಕಡೆ ಕನುಮೆರಾ ಅನ್ನುವ ಇನ್ನೊಂದು ತೀರ. ಅಲ್ಲಿ ನೀರಿನ ನಡುವೆ ಒಂದು ದೊಡ್ಡ ಬಂಡೆ. ಅದು ಅಲ್ಲಿನವರಿಗೆ ಪವಿತ್ರ, ಯಾರೂ ಹತ್ತಬಾರದು. ನಮ್ಮ ಹಡಗಿನ ಇಬ್ಬರು ಹುಡುಗರು ಫೋಟೋಕ್ಕಾಗಿ ಹತ್ತಿಯೇ ಬಿಟ್ಟರು. ದಡದಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ಏನೂ ಹೇಳಲಿಲ್ಲ, ಮುಖ ತಿರುಗಿಸಿಕೊಂಡರು. ನನಗೇ ನಾಚಿಕೆಯಾಯಿತು.

ಇಷ್ಟು ಚಂದದ ಜಾಗ ಒಂದು ಕಾಲದಲ್ಲಿ ಜೈಲು. 1871ರಲ್ಲಿ ಪ್ಯಾರಿಸ್‌ನಲ್ಲಿ ದಂಗೆ ಎದ್ದ ಸಾವಿರಾರು ಜನರನ್ನು ಹಿಡಿದು ಇಲ್ಲಿಗೆ ಗಡೀಪಾರು ಮಾಡಿದ್ದರು. ನಮಗೆ ಅಂಡಮಾನ್ ಹೇಗೋ ಅವರಿಗೆ ಇದು ಹಾಗೆ. ಗೋಡೆಗಳು ಇನ್ನೂ ಉಳಿದಿವೆ. ಆದರೆ ಹಡಗಿನವರು ಅದರ ಬಗ್ಗೆ ಮಾತೇ ಆಡುವುದಿಲ್ಲ. ಮರಳು, ನೀರು, ಮರಳು, ನೀರು, ಅಷ್ಟೇ. ಬೆಲೆಯೂ ಜಾಸ್ತಿ. ಒಂದು ಕಾಫಿ ಕುಡಿದು ಲೆಕ್ಕ ಹಾಕಿ ಮಗಳ ಮುಖ ನೋಡಿದೆ.

ಮರುದಿನ ಮಾರೆ ಅನ್ನುವ ದ್ವೀಪ. ಅಲ್ಲಿಗೆ ಇಳಿಯಲೇ ಇಲ್ಲ. ಅಲೆ ಜೋರಾಗಿತ್ತು. ಟೆಂಡರ್ ಇಳಿಸಿದರೆ ಅಪಾಯ ಅಂತ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು. ಹಡಗು ತಿರುಗಿತು. ಇಂಥ ಪ್ರಯಾಣದಲ್ಲಿ ಇದು ಮಾಮೂಲಿಯಂತೆ. ಒಂದು ದ್ವೀಪಕ್ಕಾಗಿಯೇ ದುಡ್ಡು ಕೊಟ್ಟು ಹೋಗಬೇಡಿ. ಮೂರು ನಾಲ್ಕು ನಿಲುಗಡೆ ಇರುವ ಹಡಗು ಹಿಡಿದರೆ ಒಂದು ತಪ್ಪಿದರೂ ಹೊಟ್ಟೆ ಉರಿಯುವುದಿಲ್ಲ.

ಈಗ ನಿಜವಾದ ಸ್ಪರ್ಧೆಗೆ ಬರುತ್ತೇನೆ. ಲಿಫೂ ಮತ್ತು ಮಿಸ್ಟರಿ ಐಲ್ಯಾಂಡ್. ನಮ್ಮ ಮನೆಯಲ್ಲಿ ಈಗಲೂ ಮುಗಿಯದ ಜಗಳ ಇದು.

ಮಿಸ್ಟರಿ ಐಲ್ಯಾಂಡ್ ವನವಾಟು ದೇಶದ ದಕ್ಷಿಣ ತುದಿಯಲ್ಲಿದೆ. ಅದರ ನಿಜವಾದ ಹೆಸರು ಇನ್ಯೆಗ್. ಪಕ್ಕದಲ್ಲೇ ಅನೈಟ್ಯೂಮ್ ಅನ್ನುವ ದೊಡ್ಡ, ಬೆಟ್ಟಗುಡ್ಡದ ದ್ವೀಪ. ಇನ್ಯೆಗ್ ಅದರ ಮುಂದೆ ತೇಲುವ ಬಾಳೆಲೆಯ ಹಾಗಿದೆ. ಸುತ್ತು ಹಾಕಿ ಬರಲು ನನ್ನ ಮಂಡಿಯಲ್ಲೂ ಒಂದು ಗಂಟೆ ಸಾಕಾಯಿತು. ನಡುವೆ ಹುಲ್ಲಿನ ಒಂದು ವಿಮಾನ ಪಟ್ಟಿ ಇದೆ, ಎರಡನೇ ಮಹಾಯುದ್ಧದ ಕಾಲದ್ದು. ಮನೆ ಇಲ್ಲ, ಕರೆಂಟ್ ಇಲ್ಲ, ಕುಡಿಯುವ ನೀರಿನ ನಲ್ಲಿ ಇಲ್ಲ. ನೀರಿನ ಬಾಟಲಿ ಹಡಗಿನಿಂದಲೇ ಒಯ್ಯಬೇಕು. ಅಲ್ಲಿ ಯಾರೂ ವಾಸವಿಲ್ಲ. ರಾತ್ರಿ ಅಲ್ಲಿ ಆತ್ಮಗಳಿರುತ್ತವೆ ಅನ್ನುವ ನಂಬಿಕೆ ಇದೆ. ನಮ್ಮಲ್ಲೂ ಕತ್ತಲಾದ ಮೇಲೆ ಬನದ ಕಡೆ ಹೋಗಬೇಡಿ ಅನ್ನುತ್ತಾರಲ್ವಾ, ಹಾಗೆ.

ಆದರೆ ಹಡಗು ಬರುವ ದಿನ ಅದೇ ದ್ವೀಪ ಕೋಟೇಶ್ವರದ ಕೊಡಿ ಹಬ್ಬದ ಪೇಟೆಯಾಗುತ್ತದೆ. ಅನೈಟ್ಯೂಮ್‌ನ ಜನ ಬೆಳಗ್ಗೆಯೇ ದೋಣಿಗಳಲ್ಲಿ ಬಂದು ಅಂಗಡಿ ಹಾಕುತ್ತಾರೆ. ಧಕ್ಕೆಯ ಹತ್ತಿರ ಗಿಟಾರ್ ಹಿಡಿದು ಹಾಡುವವರು. ಜಡೆ ಹೆಣೆಯುವವರು, ಮೈ ತಿಕ್ಕುವವರು, ಬಣ್ಣದ ಬಟ್ಟೆ, ಬೀಜದ ಸರ, ಮರದ ಗೊಂಬೆ. ಆಸ್ಟ್ರೇಲಿಯಾದ ಡಾಲರ್ ನಡೆಯುತ್ತದೆ. ಚಿಕ್ಕ ನೋಟು ಇಟ್ಟುಕೊಳ್ಳಿ, ಐವತ್ತರ ನೋಟಿಗೆ ಚಿಲ್ಲರೆ ಹುಡುಕುತ್ತಾ ಅವರು ಪಕ್ಕದ ನಾಲ್ಕು ಅಂಗಡಿ ಓಡಾಡಬೇಕಾಗುತ್ತದೆ. ಒಂದು ಬೊಂಡಕ್ಕೆ, ಅಂದರೆ ಎಳನೀರಿಗೆ, ಐದು ಡಾಲರ್ ಇತ್ತು. ನಮ್ಮ ರೂಪಾಯಿಯಲ್ಲಿ 250ಕ್ಕೂ ಜಾಸ್ತಿ. ನಮ್ಮ ತೋಟದಲ್ಲಿ ಬಿದ್ದು ಹಾಳಾಗುವ ಬೊಂಡ! ಆದರೂ ಕುಡಿದೆ. ನೀರು ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊಮ್ಮಗನಿಗೆ ಅದು ಸ್ವರ್ಗ. ದಡದಿಂದ ನಾಲ್ಕು ಮಾರು ದೂರಕ್ಕೇ ಹವಳದ ಬಂಡೆ, ಬಣ್ಣಬಣ್ಣದ ಮೀನು. ಮುಖಕ್ಕೆ ಕನ್ನಡಕ ಕಟ್ಟಿಕೊಂಡು ಅಪ್ಪನ ಜೊತೆ ನೀರಿಗಿಳಿದವನು ಕಡಲಾಮೆ ನೋಡಿ ಕೂಗುತ್ತಾ ಎದ್ದು ಬಂದ. ಸೆಪ್ಟೆಂಬರ್ ಅಲ್ಲಿ ಚಳಿಗಾಲ ಮುಗಿಯುವ ಹೊತ್ತು, ನೀರು ತಣ್ಣಗೇ ಇತ್ತು. ತುಟಿ ನೀಲಿಯಾದರೂ ಮತ್ತೆ ಓಡಿದ. ಯಜಮಾನರು ಈಜಲಿಲ್ಲ. ಅವರು ಕೆಂಡದ ಮೇಲೆ ಸುಟ್ಟ ಲಾಬ್‌ಸ್ಟರ್ ಕೊಂಡು, ತೆಂಗಿನ ಮರದ ಕೆಳಗೆ ಕಾಲು ಚಾಚಿ, ಒಂದು ಗಂಟೆ ಯಾರೊಂದಿಗೂ ಮಾತಾಡಲಿಲ್ಲ. ಅವರ ವೋಟು ಅಲ್ಲೇ ಬಿತ್ತು.

ನನಗೆ ಮಾತ್ರ ಒಂದು ಇರುಸುಮುರುಸು. ಒಂದು ಕಡೆ ದೊಡ್ಡ ಹಂಡೆ ಇಟ್ಟಿದ್ದರು. ಅದರೊಳಗೆ ಪ್ರವಾಸಿಗರು ಕೂರಬೇಕು, ಸುತ್ತ ಎಲೆ ಕಟ್ಟಿಕೊಂಡು ಬಣ್ಣ ಬಳಿದುಕೊಂಡವರು ಈಟಿ ಹಿಡಿದು ನಿಲ್ಲುತ್ತಾರೆ. 'ನರಭಕ್ಷಕರ ಸೂಪ್' ಅಂತ ಫೋಟೋ. ಜನ ಸಾಲುಗಟ್ಟಿ ನಿಂತು ನಗುತ್ತಿದ್ದರು. ಈಟಿ ಹಿಡಿದವರೂ ನಗುತ್ತಿದ್ದರು, ದುಡ್ಡು ಎಣಿಸಿಕೊಳ್ಳುತ್ತಿದ್ದರು. ಅವರಿಗಿಲ್ಲದ ಬೇಜಾರು ನಿನಗ್ಯಾಕೆ ಅಂದಳು ಮಗಳು. ಇರಬಹುದು. ಆದರೆ ಆ ಜನರ ಅಜ್ಜ ಮುತ್ತಜ್ಜಂದಿರನ್ನು ತಿಂದದ್ದು ಹೊರಗಿನಿಂದ ಬಂದ ಕಾಯಿಲೆಗಳು. 1861ರ ದಡಾರಕ್ಕೆ ಅನೈಟ್ಯೂಮ್‌ನಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಹಂಡೆಯ ಪಕ್ಕ ಆ ಕಥೆಯ ಒಂದು ಫಲಕವಾದರೂ ಇರಬೇಕಿತ್ತು ಅನ್ನಿಸಿತು.

ಸರ ಮಾರುತ್ತಿದ್ದ ಹೆಂಗಸಿನ ಪಕ್ಕ ಸುಮ್ನೆ ಕೂತೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಹಾಗಾಗಿ ಚೆನ್ನಾಗಿ ಅರ್ಥವಾಯಿತು. ನಿಮ್ಮ ಮನೆ ಎಲ್ಲಿ ಅಂದೆ. ನೀರಿನಾಚೆಯ ಬೆಟ್ಟದ ಕಡೆ ಬೆರಳು ತೋರಿಸಿದಳು. ಅಲ್ಲಿಗೆ ನಾವು ಹೋಗಬಹುದಾ ಅಂದೆ. ನಕ್ಕಳು. ನನಗೆ ನೋಡಬೇಕಾಗಿದ್ದದ್ದು ಆಚೆ ದಡ, ನಾನು ಇದ್ದದ್ದು ಈಚೆ. ಮಿಸ್ಟರಿ ಐಲ್ಯಾಂಡ್ ಅಂದರೆ ಆ ಊರಿನ ಜಗಲಿ. ಜಗಲಿಯಲ್ಲಿ ಕೂರಿಸಿ, ಬೊಂಡ ಕೊಟ್ಟು, ಹಾಡಿ ಕಳಿಸುತ್ತಾರೆ. ಒಳಗೆ ಕರೆಯುವುದಿಲ್ಲ. ತಪ್ಪೇನಿಲ್ಲ. 2,000 ಜನ ಒಮ್ಮೆಲೇ ಬಂದರೆ ನಾವಾದರೂ ಜಗಲಿಯಲ್ಲೇ ಅಲ್ವಾ ಕೂರಿಸುವುದು?

ಲಿಫೂ ಹಾಗಲ್ಲ. ಅದು ನ್ಯೂ ಕ್ಯಾಲಿಡೋನಿಯಾಕ್ಕೆ ಸೇರಿದ ಲಾಯಲ್ಟಿ ದ್ವೀಪಗಳಲ್ಲಿ ದೊಡ್ಡದು, 1,200 ಚದರ ಕಿಲೋಮೀಟರ್. ಹವಳದ ಕಲ್ಲೇ ಮೇಲೆದ್ದು ಆದ ದ್ವೀಪ, ಹಾಗಾಗಿ ಹೊಳೆ ಇಲ್ಲ. ಅಲ್ಲಿನ ಮೂಲ ಜನ ಕನಕ್. ನಮ್ಮ ಕನಕದಾಸರಿಗೂ ಇದಕ್ಕೂ ಸಂಬಂಧವಿಲ್ಲ, ಪಾಲಿನೇಷ್ಯಾದ ಮಾತಿನಲ್ಲಿ ಮನುಷ್ಯ ಅಂತ ಅರ್ಥ. ಟೆಂಡರ್ ಇಳಿಸುವುದು ಈಸೊ ಅನ್ನುವ ಹಳ್ಳಿಯಲ್ಲಿ. ಇಲ್ಲೂ ಮಾರುಕಟ್ಟೆ ಇದೆ, ಜಡೆ ಹೆಣೆಯುವವರಿದ್ದಾರೆ. ಆದರೆ ಅದರ ಹಿಂದೆಯೇ ರಸ್ತೆ, ಮನೆ, ಬಟ್ಟೆ ಒಣಗಿಸಿದ ಹಗ್ಗ, ಬೇಲಿಯೊಳಗೆ ಕೆಸು, ಪಪ್ಪಾಯಿ, ಜೀಗುಜ್ಜೆ ಮರ. ಜೀಗುಜ್ಜೆ ಕಂಡ ಮೇಲೆ ನಾನು ಪರದೇಶದಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು.

ಹಡಗು ನಿಲ್ಲುವ ಆ ಕೊಲ್ಲಿಯ ಹೆಸರು ಸಾಂತಾಲ್. ಸಾಂತಾಲ್ ಅಂದರೆ ಗಂಧ. 1840ರ ದಶಕದಲ್ಲಿ ವ್ಯಾಪಾರಿಗಳು ಈ ದ್ವೀಪಗಳ ಗಂಧದ ಮರ ಕಡಿದು ಚೀನಾಕ್ಕೆ ಮಾರಿದರು. ನಮ್ಮ ಶ್ರೀಗಂಧದ ದಾಯಾದಿ ಮರ ಅದು. ಇನ್ನೊಂದು ತಮಾಷೆ. ಅದೇ ಕಾಲದಲ್ಲಿ ಜೇಮ್ಸ್ ಪ್ಯಾಡನ್ ಅನ್ನುವ ಗಂಧದ ವ್ಯಾಪಾರಿ ಅಂಗಡಿ ಹೂಡಿದ್ದು ಆ ಯಾರೂ ಇಲ್ಲದ ಇನ್ಯೆಗ್‌ನಲ್ಲೇ. ಅಂದರೆ ಅದು ಆಗಲೂ ಹಡಗಿನವರ ಪೇಟೆ, ಈಗಲೂ ಹಡಗಿನವರ ಪೇಟೆ.

ಲಿಫೂವಿನಲ್ಲಿ ಗುಡ್ಡದ ಮೇಲೆ ನೋಟ್ರ್ ಡೇಮ್ ಡಿ ಲೂರ್ಡ್ ಅನ್ನುವ ಪುಟ್ಟ ಚರ್ಚ್ ಇದೆ. ಧಕ್ಕೆಯಿಂದ ಇಪ್ಪತ್ತು ನಿಮಿಷದ ಏರು ಅಂದರು. ನನಗೆ ನಲವತ್ತು ಹಿಡಿಯಿತು. ಮೇಲೆ ನಿಂತರೆ ಕೆಳಗೆ ಇಡೀ ಕೊಲ್ಲಿ, ನಮ್ಮ ಹಡಗು ಮಕ್ಕಳ ಆಟಿಕೆಯ ಹಾಗೆ. ಇಳಿಯುವಾಗ ಒಬ್ಬ ಅಜ್ಜಿ ಸಿಕ್ಕರು. ಹೂವಿನ ಚಿತ್ತಾರದ ದೊಗಲೆ ಉದ್ದ ಅಂಗಿ. ಪಾದ್ರಿಗಳ ಕಾಲದಲ್ಲಿ ಬಂದ ಉಡುಪು ಅದು, ಈಗ ಅಲ್ಲಿನ ಹೆಂಗಸರ ಹೆಮ್ಮೆ. ಅದೇ ಅಂಗಿ ತೊಟ್ಟು ಹೆಂಗಸರು ಕ್ರಿಕೆಟ್ ಆಡುತ್ತಾರೆ! ಇಂಗ್ಲಿಷ್ ಪಾದ್ರಿಗಳು ಕಲಿಸಿದ ಆಟ, ಫ್ರೆಂಚರ ಆಳ್ವಿಕೆಯಲ್ಲೂ ಉಳಿದಿದೆ. ಆಟ ನೋಡಲು ಸಿಗಲಿಲ್ಲ, ಯಜಮಾನರಿಗೆ ಲಿಫೂ ಬಗ್ಗೆ ಇರುವ ಒಂದೇ ಕೊರಗು ಅದು. ಅಜ್ಜಿ ನನ್ನ ಕೈ ಹಿಡಿದು ಕಲ್ಲಿನ ಮೆಟ್ಟಿಲು ಇಳಿಸಿದರು. ಅವರ ಡ್ರೆಹು ಭಾಷೆಯಲ್ಲಿ ಥ್ಯಾಂಕ್ಸ್‌ಗೆ 'ಓಲೆಟಿ' ಅಂತಾರೆ. ಬೆಳಗ್ಗೆ ಮಾರುಕಟ್ಟೆಯಲ್ಲಿ ಕಲಿತಿದ್ದೆ. ಹೇಳಿದೆ. ಅವರು ಮೂರು ಸಲ ತಿರುಗಿ ಹೇಳಿಸಿ, ನನ್ನ ಉಚ್ಚಾರ ತಿದ್ದಿಯೇ ಬಿಟ್ಟರು. ಮೂವತ್ತು ವರ್ಷ ಟೀಚರ್ ಆಗಿದ್ದವಳಿಗೆ ಆದ ಪಾಠ.

ಈಜುವವರಿಗೆ ಲಿಫೂವಿನಲ್ಲಿ ಜಿನೆಕ್ ಕೊಲ್ಲಿ. ಹವಳ ಕಾಪಾಡಲಿಕ್ಕೆ ಜನರ ಸಂಖ್ಯೆಗೆ ಮಿತಿ ಇದೆ, ಟಿಕೆಟ್ ಇದೆ. ಮೆಟ್ಟಿಲಿಳಿದರೆ ನೇರ ಆಳದ ನೀರು, ಕಾಲೂರಲು ನೆಲವಿಲ್ಲ. ಅಳಿಯನ ಪ್ರಕಾರ ಅಲ್ಲಿನ ಹವಳ ಮಿಸ್ಟರಿಗಿಂತ ಎಷ್ಟೋ ಚೆನ್ನ. ಆದರೆ ಎಂಟು ವರ್ಷದ ಹುಡುಗ ಹೆದರಿದ. ಮಕ್ಕಳಿದ್ದರೆ ಮಿಸ್ಟರಿಯೇ ಸರಿ, ಇದನ್ನು ಒಪ್ಪಲೇಬೇಕು.

ಊಟದಲ್ಲಿ ಎರಡೂ ಸಮ. ವನವಾಟುವಿನಲ್ಲಿ ಲಾಪ್‌ಲಾಪ್, ಲಿಫೂ ಕಡೆ ಬೂನ್ಯ. ಎರಡಕ್ಕೂ ಗಡ್ಡೆ, ಕಾಯಿಹಾಲು, ಬಾಳೆಲೆ, ಕಾದ ಕಲ್ಲು. ಲಾಪ್‌ಲಾಪ್‌ಗೆ ಗಡ್ಡೆಯನ್ನು ತುರಿದು ಹಾಕುತ್ತಾರೆ, ಬೂನ್ಯಕ್ಕೆ ಹೋಳು ಮಾಡಿ. ನಮ್ಮ ಪತ್ರೊಡೆಯ ದೂರದ ನೆಂಟರು, ಉಪ್ಪು ಹುಳಿ ಖಾರ ಮಾತ್ರ ಮನೆಯಲ್ಲಿ ಬಿಟ್ಟು ಬಂದಿದ್ದಾರೆ. ಕೋಳಿ ಅಥವಾ ಮೀನು ಸೇರಿರುತ್ತದೆ, ಕೇಳಿ ತಗೊಳ್ಳಿ.

ತಂಗಿಗೆ ನಾನು ಹೇಳಿದ್ದು ಲಿಫೂ. ಮೊಮ್ಮಕ್ಕಳು ಜೊತೆಗಿದ್ದರೆ ಎರಡೂ ಇರುವ ಹಡಗು ಹುಡುಕು ಅಂದೆ. 2024ರ ಮೇ ತಿಂಗಳಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಗಲಭೆಯಾದಾಗ ಹಡಗುಗಳು ಆ ಕಡೆ ಹೋಗುವುದನ್ನು ನಿಲ್ಲಿಸಿದ್ದವು, ಹಾಗಾಗಿ ಬುಕ್ ಮಾಡುವ ಮೊದಲು ಕೇಳಿಕೋ. ಆಸ್ಟ್ರೇಲಿಯಾದ ವೀಸಾ ಒಂದೇ ಸಲ ಒಳಬಿಡುವಂಥದ್ದಾ ಅಂತಲೂ ನೋಡಿಕೋ. ಹಡಗಿನಲ್ಲಿ ಹೋಗಿಬಂದರೂ ಅದು ದೇಶ ಬಿಟ್ಟ ಲೆಕ್ಕವಾಗುತ್ತದಾ ಅಂತ ಮೊದಲೇ ವಿಚಾರಿಸು.

ಹಾಗೇ ಬೀಜದ ಸರ ಕೊಳ್ಳಬೇಡ ಅಂದೆ. ಮಿಸ್ಟರಿಯಲ್ಲಿ ಆ ಹೆಂಗಸಿನ ಹತ್ತಿರ ಕೊಂಡದ್ದನ್ನು ಸಿಡ್ನಿಯಲ್ಲಿ ಇಳಿದಾಗ ತೋರಿಸಿದೆ. ಅಧಿಕಾರಿ ತಿರುಗಿಸಿ ನೋಡಿದರು, ಕಸದ ಡಬ್ಬಿಗೆ ಹಾಕಿದರು. ಲಿಫೂವಿನ ಹೂವಿನ ಬಟ್ಟೆ ಇನ್ನೂ ಇದೆ. ಕಳೆದ ವಾರ ಅಂಗಳದಲ್ಲಿ ಅದರ ಮೇಲೆಯೇ ಹಲಸಿನ ಹಪ್ಪಳ ಒಣಗಿಸಿದೆ.