ಐದು ಮೀಟರ್ ಟೇಪು, ಒಂಚೂರು ಜಗಳ ಮತ್ತು ಪಕ್ಕದ ಮನೆಯ ಮಿಲಿಟರಿ ಅಂಕಲ್

ಈ ಟೇಪ್ ತಗೊಂಡು ನಾಲ್ಕು ತಿಂಗಳಾಯಿತು. 5 ಮೀಟರಿನ ಸ್ಟೀಲ್ ಟೇಪ್, ಹಳದಿ ಪಟ್ಟಿ, ಡಬ್ಬಿಯ ಮೇಲೆ ರಬ್ಬರ್ ಹೊದಿಕೆ. ತಗೊಳ್ಳೋಕೆ ಕಾರಣ ಪಕ್ಕದ ಮನೆಯವರು.

ನಡೆದದ್ದು ಇಷ್ಟು. ಗೋಡೆಗೆ ಶೆಲ್ಫ್ ಕೂರಿಸುತ್ತಿದ್ದೆವು. ನಮ್ಮವರು ಸ್ಟೂಲಿನ ಮೇಲೆ, ನಾನು ಕೆಳಗೆ. “ಒಂಚೂರು ಮೇಲೆ ರೀ. ಅಯ್ಯೋ, ಅಷ್ಟಲ್ಲ! ಎಳ್ಳಷ್ಟು ಕೆಳಗೆ. ಈಗ ಚೂರೇ ಚೂರು ಎಡಕ್ಕೆ.” ಅರ್ಧ ಗಂಟೆ ಇದೇ ಪಾಡು. ತಿರುಗಿ ನೋಡಿದರೆ ಬಾಗಿಲಲ್ಲಿ ಮಿಲಿಟರಿ ಅಂಕಲ್. ಫಿರಂಗಿ ದಳದಲ್ಲಿದ್ದು ನಿವೃತ್ತರಾದವರು. “ಅಲ್ಲಮ್ಮಾ, ಚೂರು, ಒಂಚೂರು, ಚೂರೇ ಚೂರು, ಇದರಲ್ಲಿ ಯಾವುದು ದೊಡ್ಡದು?” ಅಂದರು. ತಮಾಷೆಗಲ್ಲ, ನಿಜವಾಗಿ ಕೇಳುತ್ತಿದ್ದರು.

ಟೇಪ್ ಬಂದ ದಿನವೇ ನಮಗೆ ಪರೀಕ್ಷೆ ಇಟ್ಟರು. ಇಬ್ಬರೂ ಬೇರೆ ಬೇರೆಯಾಗಿ ಗೋಡೆ ಮೇಲೆ ಪೆನ್ಸಿಲಿನಲ್ಲಿ ‘ಒಂಚೂರು’ ಗುರುತು ಮಾಡಬೇಕು. ನನ್ನ ಒಂಚೂರು 4 ಮಿಲ್ಲಿಮೀಟರ್. ನಮ್ಮವರದ್ದು 11! ಮದುವೆಯಾಗಿ ಹದಿನೇಳು ವರ್ಷ, ಇದು ಗೊತ್ತೇ ಇರಲಿಲ್ಲ. ‘ಎಳ್ಳಷ್ಟು’ ಮಾತ್ರ ಇಬ್ಬರದ್ದೂ 2ಕ್ಕೆ ನಿಂತಿತು. ‘ಕೂದಲೆಳೆಯಷ್ಟು’ ಅಳೆಯೋಕೆ ಹೋದರೆ ಟೇಪಿನ ಗೆರೆಯೇ ಕೂದಲಿಗಿಂತ ದಪ್ಪ. ಅದನ್ನು ಬಿಟ್ಟೆವು.

ಇನ್ನು ಟೇಪಿನ ವಿಷಯ. ತುದಿಯ ಕೊಕ್ಕೆ ಲಟಲಟ ಅಲ್ಲಾಡುತ್ತಿತ್ತು. ಡಿಫೆಕ್ಟ್ ಪೀಸ್ ಅಂತ ವಾಪಸ್ ಕಳಿಸೋಕೆ ಪ್ಯಾಕ್ ಕೂಡ ಮಾಡಿದ್ದೆ. ಅಂಕಲ್ ಬಿಚ್ಚಿಸಿದರು. ಕೊಕ್ಕೆಯನ್ನು ಮೇಜಿನ ಅಂಚಿಗೆ ಸಿಕ್ಕಿಸಿ ಎಳೆದರು, ಅದು ಒಂದಿಷ್ಟೇ ಮುಂದೆ ಬಂತು. ಆಮೇಲೆ ಗೋಡೆಗೆ ಒತ್ತಿದರು, ಅಷ್ಟೇ ಹಿಂದೆ ಹೋಯಿತು. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟೇ ಅದು ಸರಿಯೋದು. ಹೊರಗಿಂದ ಸಿಕ್ಕಿಸಿದರೂ ಒಳಗಿಂದ ಒತ್ತಿದರೂ ಸೊನ್ನೆ ಸೊನ್ನೆಯಲ್ಲೇ ಇರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಸದ್ಯ, ಕೊಕ್ಕೆ ಅಲ್ಲಾಡುತ್ತೆ ಅಂತ ಬೈದು ಬರೆಯೋದು ತಪ್ಪಿತು!

ಪಟ್ಟಿಯ ಶುರುವಿನಲ್ಲಿ ರೋಮನ್ ಎರಡರ ಗುರುತಿದೆ, ನೋಡಿ ತಗೊಳ್ಳಿ. ಎರಡನೇ ದರ್ಜೆ ಅಂತ. ಪೂರ್ತಿ 5 ಮೀಟರಿಗೆ ಹೆಚ್ಚೆಂದರೆ 1.3 ಮಿಲ್ಲಿಮೀಟರ್ ತಪ್ಪಬಹುದು. ಮನೆಕೆಲಸಕ್ಕೆ ಧಾರಾಳ ಸಾಕು, ಆದರೆ ಅಂಕಲ್ ಮುಖ ಸಣ್ಣದಾಯಿತು. ಅವರ ದಳದಲ್ಲಿ ಒಂದು ಪೂರ್ತಿ ಸುತ್ತು ಅಂದರೆ 360 ಡಿಗ್ರಿ ಅಲ್ವಂತೆ, 6400 ಮಿಲ್. “ಒಂದೇ ಮಿಲ್ ತಪ್ಪಿದರೂ ಕಿಲೋಮೀಟರ್ ಆಚೆ ಗುಂಡು ಹೆಚ್ಚುಕಡಿಮೆ ಒಂದು ಮೀಟರ್ ಪಕ್ಕಕ್ಕೆ ಬೀಳುತ್ತಮ್ಮಾ” ಅಂದರು. ಸಿಕ್ಕಿಬಿದ್ದರು ಅಂದುಕೊಂಡು, “ಹೆಚ್ಚುಕಡಿಮೆ ಅಂದ್ರೆ ಎಷ್ಟು ಅಂಕಲ್?” ಅಂತ ಕೇಳಿದೆ. “98 ಸೆಂಟಿಮೀಟರ್” ಅಂದರು, ಕಣ್ಣು ಕೂಡ ಮಿಟುಕಿಸದೆ.

ಕೊರತೆಗಳೂ ಇವೆ. ಲಾಕ್ ಮೂರನೇ ತಿಂಗಳಿಗೇ ಸಡಿಲವಾಯಿತು. ಒತ್ತಿ ಬಿಟ್ಟರೂ ಪಟ್ಟಿ ಮೆಲ್ಲಗೆ ಒಳಗೆ ಜಾರುತ್ತದೆ. ಒಮ್ಮೆ ಸರ್‍ರಂತ ಬಂದು ಹೆಬ್ಬೆರಳು ಕೊಯ್ದಿದೆ. ಒಂದೂವರೆ ಮೀಟರ್ ದಾಟಿದರೆ ಪಟ್ಟಿ ನೆಟ್ಟಗೆ ನಿಲ್ಲದೆ ಬಾಗಿ ಬೀಳುತ್ತದೆ, ಒಬ್ಬರೇ ಅಳೆಯೋದು ಕಷ್ಟ. ಮೊದಲ ಹತ್ತು ಸೆಂಟಿಮೀಟರಿನ ಅಂಕಿಗಳು ಈಗಲೇ ಮಾಸಿವೆ. ನಾವು ಅಳೆಯೋದೆಲ್ಲ ಅಷ್ಟರೊಳಗೇ ಅಲ್ವಾ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ.

ಪಟ್ಟಿಯ ಅಗಲವನ್ನೂ ಬರೆಯೋಣ ಅಂದುಕೊಂಡಿದ್ದೆ, ಆದರೆ ಟೇಪ್ ಈಗ ನನ್ನ ಹತ್ತಿರ ಇಲ್ಲ. “ಎರಡೇ ನಿಮಿಷ, ಕೊಡಮ್ಮಾ” ಅಂತ ಅಂಕಲ್ ತಗೊಂಡು ಹೋಗಿ ಇವತ್ತಿಗೆ ಒಂಬತ್ತು ದಿನ.