ಕೆನಡಾ ಪಿಆರ್: ಕಾಮನ್-ಲಾ ಸಂಗಾತಿಯಾಗಿಯೋ, ಮದುವೆ ನೋಂದಾಯಿಸಿಯೋ?

ಹಾಸನದಲ್ಲಿರುವ ನಿಮ್ಮನ್ನು ಕೆನಡಾದಲ್ಲಿರುವ ಸಂಗಾತಿ ಪಿಆರ್‌ಗೆ, ಅಂದರೆ ಅಲ್ಲಿನ ಕಾಯಂ ವಾಸದ ಅನುಮತಿಗೆ, ಸ್ಪಾನ್ಸರ್ ಮಾಡುವುದಾದರೆ, ಎರಡು ದಾರಿಯಲ್ಲೂ ನಿಮ್ಮ ಖರ್ಚುವೆಚ್ಚಕ್ಕೆ ಅವರು ಹೊರುವ 3 ವರ್ಷಗಳ ಹೊಣೆ ಒಂದೇ. ವ್ಯತ್ಯಾಸ ಇರುವುದು ಪುರಾವೆಯಲ್ಲಿ.

ಕಾಮನ್-ಲಾ ಅಂದರೆ ಮದುವೆಯಾಗದೆಯೇ ಸತತ 12 ತಿಂಗಳು ಒಂದೇ ಮನೆಯಲ್ಲಿ ದಂಪತಿಯಂತೆ ಬಾಳಿರಬೇಕು. ವರ್ಷಗಟ್ಟಲೆ ವಿಡಿಯೋ ಕಾಲ್ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆ, ಒಂದೇ ವಿಳಾಸಕ್ಕೆ ಬಂದ ಬಿಲ್ಲುಗಳು, ಜೊತೆಗೆ ಕೆನಡಾ ವಲಸೆ ಇಲಾಖೆಯ ಐಎಂಎಂ 5409 ಎಂಬ ಘೋಷಣಾ ಪತ್ರ ಬೇಕು. ನಮ್ಮ ಕಡೆ ಮದುವೆಯಾಗದ ಜೋಡಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಸಿಕ್ಕರೂ ಕರಾರಿನಲ್ಲಿ ಎರಡೂ ಹೆಸರು ಬರೆಸಲು ಎಷ್ಟೋ ಜನ ಹಿಂಜರಿಯುತ್ತಾರೆ. ಈ ದಾರಿಯಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ಇದೇ.

ಮದುವೆಯಾದವರಿಗೆ 12 ತಿಂಗಳ ನಿಯಮವಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಮುಖ್ಯ. ವಿಶೇಷ ವಿವಾಹ ಕಾಯ್ದೆಯಡಿಯಾದರೆ 30 ದಿನಗಳ ನೋಟಿಸ್ ಇರುವುದರಿಂದ ಸಂಗಾತಿಯ ರಜೆ ಹೊಂದಿಸಿಕೊಳ್ಳಿ. ಫೋನಿನಲ್ಲಿ ನಡೆದ ಮದುವೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಂಬಂಧ ನಿಜವೆಂದು ಇಲ್ಲೂ ತೋರಿಸಲೇಬೇಕು.

ಟೊರೊಂಟೊದಲ್ಲೋ ಬೆಂಗಳೂರಲ್ಲೋ ವರ್ಷವಿಡೀ ಜೊತೆಗಿದ್ದು ದಾಖಲೆ ಗಟ್ಟಿಯಿದ್ದರೆ ಕಾಮನ್-ಲಾ ಸಾಕು, ಮದುವೆಗೆ ಅವಸರ ಬೇಡ. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ ಎಂದಾದರೆ, ಮದುವೆಯಾಗುವ ಮನಸ್ಸು ಇಬ್ಬರಿಗೂ ಇದ್ದಲ್ಲಿ ನೋಂದಣಿಯನ್ನೇ ಆರಿಸಿ.