ಗ್ಯಾಲಕ್ಸಿ ಎ16 5ಜಿ: ಆರು ವರ್ಷದ ಅಪ್‌ಡೇಟ್ ಭರವಸೆಯನ್ನು ನಂಬಿ ಕೊಳ್ಳಬಹುದೇ?

ಇಪ್ಪತ್ತು ಸಾವಿರದೊಳಗಿನ ಫೋನಿಗೆ ಆರು ಆಂಡ್ರಾಯ್ಡ್ ಆವೃತ್ತಿ, ಆರು ವರ್ಷ ಸೆಕ್ಯುರಿಟಿ ಪ್ಯಾಚ್ (ಸುರಕ್ಷತೆಯ ಲೋಪಗಳನ್ನು ಮುಚ್ಚುವ ದುರಸ್ತಿ) ಕೊಡುತ್ತೇವೆಂದು ಸ್ಯಾಮ್‌ಸಂಗ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಗ್ಯಾಲಕ್ಸಿ ಎ16 5ಜಿ ಭಾರತಕ್ಕೆ ಬಂದಾಗ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜಿನ ಮಾಡೆಲ್ಲಿಗೆ 18,999 ರೂಪಾಯಿ, 256 ಜಿಬಿಯದಕ್ಕೆ 21,999. ಕ್ಯಾಮೆರಾ, ಪರದೆಯ ವಿಮರ್ಶೆಗಳು ಬೇಕಾದಷ್ಟಿವೆ. ಈ ಫೋನು ನಿಜಕ್ಕೂ ಎಷ್ಟು ವರ್ಷ ಬಾಳುತ್ತದೆ, ಬಾಳಿಸಲು ಏನು ಮಾಡಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ದಿನಾಂಕದ ಲೆಕ್ಕ. ಆರು ವರ್ಷ ಎಣಿಸುವುದು ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಬಿಲ್ ಮಾಡಿಸಿದ ದಿನದಿಂದಲ್ಲ. ಎ16 ಬಂದದ್ದು ಆಂಡ್ರಾಯ್ಡ್ 14ರ ಜೊತೆ, ಆದ್ದರಿಂದ ಆಂಡ್ರಾಯ್ಡ್ 20ಕ್ಕೆ ಅದರ ಸರದಿ ಮುಗಿಯುತ್ತದೆ. ಪ್ಯಾಚ್‌ಗಳು 2030ರ ಕೊನೆಯ ಹೊತ್ತಿಗೆ ನಿಲ್ಲುತ್ತವೆ. 2026ರ ದೀಪಾವಳಿ ಆಫರಿನಲ್ಲಿ ಕೊಂಡವರ ಪಾಲಿಗೆ ಉಳಿಯುವುದು ನಾಲ್ಕೇ ವರ್ಷ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬೇರೆಯೇ ನಿಯಮ: ಒಂದು ಮಾಡೆಲ್ಲಿನ ಕೊನೆಯ ಫೋನನ್ನು ಮಾರುಕಟ್ಟೆಗೆ ಬಿಟ್ಟ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗುವಂತಿರಬೇಕು. ನಮ್ಮಲ್ಲಿ ಅಂಥ ಕಾನೂನು ಇಲ್ಲದ್ದರಿಂದ ಹಳೆಯ ಮಾಡೆಲ್ಲಿನ ರಿಯಾಯಿತಿಯನ್ನು ಕೊಳ್ಳುವವರೇ ಅಳೆದು ನೋಡಬೇಕು. ಇದರ ನಂತರದ ಮಾಡೆಲ್ ಎ17 5ಜಿ 2025ರ ಆಗಸ್ಟ್‌ನಲ್ಲಿ ಬಂತು, ಅದಕ್ಕೂ ಆರು ವರ್ಷ. ಆದರೆ ಬಂದಾಗ 18,999 ಇದ್ದ ಅದರ ಮಾಡೆಲ್ಲಿನಲ್ಲಿ ರ‍್ಯಾಮ್ 6 ಜಿಬಿ ಮಾತ್ರ. ಎಂಟು ಜಿಬಿಯ ಎರಡು ಫೋನುಗಳ ನಡುವೆ ಎರಡು ಸಾವಿರಕ್ಕಿಂತ ಕಡಿಮೆ ಅಂತರವಿದ್ದರೆ ಎ17 ತೆಗೆದುಕೊಳ್ಳುವುದೇ ಸರಿ.

ಇನ್ನು ವರ್ಷದ ಖರ್ಚು. 18,999ನ್ನು ಆರರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 3,170. ಮೋಟೋ ಜಿ45 5ಜಿ 10,999ಕ್ಕೆ ಬಂತು. ಅದಕ್ಕೆ ಒಂದೇ ಓಎಸ್ (ಆಂಡ್ರಾಯ್ಡ್ ಆವೃತ್ತಿ) ಅಪ್‌ಗ್ರೇಡ್, ಮೂರು ವರ್ಷ ಪ್ಯಾಚ್, ವರ್ಷಕ್ಕೆ 3,670ರ ಹತ್ತಿರ ಬೀಳುತ್ತದೆ. ರೆಡ್ಮಿ 14ಸಿ 5ಜಿ 9,999ಕ್ಕೆ ಬಂತು, ಅದಕ್ಕೆ ಎರಡು ಓಎಸ್, ನಾಲ್ಕು ವರ್ಷ ಪ್ಯಾಚ್, ಅಂದರೆ ವರ್ಷಕ್ಕೆ 2,500. ಸ್ಯಾಮ್‌ಸಂಗ್‌ನದೇ ಗ್ಯಾಲಕ್ಸಿ ಎಫ್06 5ಜಿ ಸುಮಾರು ಹತ್ತು ಸಾವಿರಕ್ಕೆ ಬಂತು, ಅದಕ್ಕೆ ನಾಲ್ಕು ಓಎಸ್, ನಾಲ್ಕು ವರ್ಷ ಪ್ಯಾಚ್. ಕಾಗದದ ಮೇಲೆ ಎಫ್06 ಗೆದ್ದಂತೆ ಕಾಣುತ್ತದೆ. ಆದರೆ ಅದರ ಕಡಿಮೆ ಬೆಲೆಯ ಮಾಡೆಲ್ಲಿಗೆ 4 ಜಿಬಿ ರ‍್ಯಾಮ್. ನಾಲ್ಕು ಓಎಸ್ ಮೇಲೇರುವ ಫೋನಿಗೆ ಅದು ಸಾಲದು. ವಾಟ್ಸಾಪ್‌ನಿಂದ ಯುಪಿಐ ಆ್ಯಪ್‌ಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಹಿಂದಿನದು ಮುಚ್ಚಿಕೊಂಡಿರುತ್ತದೆ. ಎಫ್06 ಕೊಳ್ಳುವುದಾದರೆ 6 ಜಿಬಿಯದನ್ನೇ ಕೊಳ್ಳಿ.

ಓಎಸ್ ಅಪ್‌ಗ್ರೇಡ್ ಮತ್ತು ಸೆಕ್ಯುರಿಟಿ ಪ್ಯಾಚ್ ಎರಡೂ ಒಂದೇ ಎಂದು ಜಾಹೀರಾತು ನೋಡಿದವರು ತಿಳಿಯುವುದುಂಟು. ಓಎಸ್ ಹಳೆಯದಾದರೆ ಹೊಸ ಸೌಲಭ್ಯ ತಪ್ಪುತ್ತದೆ, ಆ್ಯಪ್‌ಗಳು ಬಹಳ ವರ್ಷ ನಡೆದೇ ನಡೆಯುತ್ತವೆ. ವಾಟ್ಸಾಪ್ ಆಂಡ್ರಾಯ್ಡ್ 4.4ನ್ನು ಕೈಬಿಟ್ಟಿದ್ದು 2025ರ ಜನವರಿಯಲ್ಲಿ, ಅದು 2013ರ ಆವೃತ್ತಿ. ಪ್ಯಾಚ್ ನಿಂತರೆ ಪೆಟ್ಟು ಬೇಗ ತಾಗುತ್ತದೆ. ಫೋನು ನಂಬಲರ್ಹವೇ ಎಂದು ಬ್ಯಾಂಕಿನ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಕೇಳಬಹುದು. ಅದರ ಅತಿ ಕಟ್ಟುನಿಟ್ಟಿನ ಹಂತದಲ್ಲಿ ಪಾಸಾಗಲು ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಲ್ಲಿ ಕಳೆದ ಒಂದು ವರ್ಷದೊಳಗಿನ ಪ್ಯಾಚ್ ಇರಬೇಕು. ಎಲ್ಲ ಆ್ಯಪ್‌ಗಳೂ ಆ ಹಂತ ಕೇಳುವುದಿಲ್ಲ, ಕೇಳುವ ಆ್ಯಪ್ ಮಾತ್ರ ಪ್ಯಾಚ್ ಇಲ್ಲದ ಫೋನನ್ನು ಹೊರಗಿಡಬಹುದು. ಹಣದ ವ್ಯವಹಾರವೆಲ್ಲ ಮೊಬೈಲಿನಲ್ಲೇ ಮಾಡುವವರು ಪ್ಯಾಚಿನ ಕೊನೆಯ ವರ್ಷ ನೋಡಿ ಕೊಳ್ಳಬೇಕು, ಓಎಸ್ ಸಂಖ್ಯೆ ನೋಡಿ ಅಲ್ಲ.

ನಿಮ್ಮ ಪ್ಯಾಚ್ ಎಲ್ಲಿದೆ ಎಂದು ನೋಡಲು ಸೆಟ್ಟಿಂಗ್ಸ್, ಅಬೌಟ್ ಫೋನ್, ಸಾಫ್ಟ್‌ವೇರ್ ಇನ್ಫರ್ಮೇಶನ್‌ಗೆ ಹೋಗಿ. ಅಲ್ಲಿನ ದಿನಾಂಕ ಯಾವುದೇ ತಿಂಗಳ 1 ಅಥವಾ 5 ಆಗಿರುತ್ತದೆ. ಗೂಗಲ್‌ನ ಪಟ್ಟಿಯಲ್ಲಿ 1 ಅಂದರೆ ಆಂಡ್ರಾಯ್ಡ್‌ನ ಮೂಲ ಭಾಗದ ದುರಸ್ತಿ. 5 ಅಂದರೆ ಅದರ ಜೊತೆಗೆ ಕರ್ನಲ್ (ಸಿಸ್ಟಮ್ಮಿನ ತಿರುಳು) ಮತ್ತು ಚಿಪ್ ತಯಾರಕರ ಭಾಗದ ದುರಸ್ತಿಯೂ ಸೇರಿದೆ ಎಂದರ್ಥ. ಸ್ಯಾಮ್‌ಸಂಗ್ ತನ್ನ ಫೋನುಗಳನ್ನು ವಯಸ್ಸಾದಂತೆ ಕಡಿಮೆ ಬಾರಿ ಪ್ಯಾಚ್ ಸಿಗುವ ಪಟ್ಟಿಗೆ ಇಳಿಸುತ್ತ ಹೋಗುತ್ತದೆ. ಹಾಗಾಗಿ ಮೂರು ತಿಂಗಳ ಹಿಂದಿನ ದಿನಾಂಕ ಕಂಡರೆ ಗಾಬರಿ ಬೇಡ. ವರ್ಷದ ಹಿಂದಿನದಾದರೆ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ ಡೌನ್‌ಲೋಡ್ ಅಂಡ್ ಇನ್‌ಸ್ಟಾಲ್ ಒತ್ತಲೇಬೇಕು.

ಹಾರ್ಡ್‌ವೇರ್ ವಿಷಯದಲ್ಲಿ ನನ್ನ ಆಕ್ಷೇಪವಿದೆ. ಭಾರತದ ಎ16ರಲ್ಲಿರುವುದು ಡೈಮೆನ್ಸಿಟಿ 6300 ಎಂಬ ಚಿಪ್. ಅದರ ಎರಡು ವೇಗದ ಕೋರ್‌ಗಳು ಕಾರ್ಟೆಕ್ಸ್ ಎ76, ಅಂದರೆ 2018ರಲ್ಲಿ ಪರಿಚಯವಾದ ವಿನ್ಯಾಸ. ಉಳಿದ ಆರು ಕೋರ್ ಕಾರ್ಟೆಕ್ಸ್ ಎ55. ಹತ್ತು ಸಾವಿರದ ಎಫ್06ರಲ್ಲೂ ಇದೇ ಚಿಪ್. 2030ರಲ್ಲಿ ಈ ಚಿಪ್ಪಿನ ಮೇಲೆ ಆಂಡ್ರಾಯ್ಡ್ 20 ಬೂಟ್ ಆಗುತ್ತದೆ, ಕರೆ, ಮೆಸೇಜು, ಪಾವತಿಗೆ ಓಡುತ್ತದೆ. ಆದರೆ ಕೊನೆಯ ಎರಡು ವರ್ಷ ಹಿತವಾಗಿ ಓಡುತ್ತದೆಂದು ನಂಬುವುದು ಕಷ್ಟ. ಹೀಗಾಗಿ ಎ16ನ್ನು ಆರು ವರ್ಷ ಸುರಕ್ಷಿತ, ನಾಲ್ಕು ವರ್ಷ ಆರಾಮ ಎಂದು ಎಣಿಸಿಕೊಳ್ಳಿ.

ಆ ನಾಲ್ಕನ್ನು ಐದಕ್ಕೆ ಎಳೆಯುವುದು ಸ್ಟೋರೇಜ್ ನಿರ್ವಹಣೆಯಿಂದ. ಫ್ಲ್ಯಾಶ್ ಮೆಮೊರಿ ತುಂಬುತ್ತ ಬಂದಂತೆ ಬರೆಯುವ ವೇಗ ಕುಸಿಯುತ್ತದೆ. ಜನ ಹ್ಯಾಂಗ್ ಎನ್ನುವುದಕ್ಕೆ ಇದೂ ಒಂದು ಕಾರಣ. 128 ಜಿಬಿಯಲ್ಲಿ ಸದಾ 20 ಜಿಬಿಯಾದರೂ ಖಾಲಿ ಇಡಿ. ಎ16ರಲ್ಲಿ ಮೆಮೊರಿ ಕಾರ್ಡ್ ಹಾಕಬಹುದು, ಆದರೆ ಎರಡನೇ ಸಿಮ್ಮಿನ ಜಾಗ ಹೋಗುತ್ತದೆ. ಫೋಟೊ, ವಿಡಿಯೋ ಮಾತ್ರ ಕಾರ್ಡಿಗೆ ಕಳಿಸಿ. ವಾಟ್ಸಾಪ್‌ನ ಸ್ಟೋರೇಜ್ ಅಂಡ್ ಡೇಟಾದಲ್ಲಿ ಮ್ಯಾನೇಜ್ ಸ್ಟೋರೇಜ್ ತೆರೆದು 5 ಎಂಬಿ ಮೀರಿದ ಫೈಲುಗಳನ್ನು ತಿಂಗಳಿಗೊಮ್ಮೆ ಅಳಿಸಿದರೆ ಸಾಕಷ್ಟು ಜಾಗ ಬಿಡುಗಡೆಯಾಗುತ್ತದೆ. ಡಿವೈಸ್ ಕೇರ್‌ನ ಮೆಮೊರಿ ವಿಭಾಗದಲ್ಲಿ ರ‍್ಯಾಮ್ ಪ್ಲಸ್ ಎಂಬುದಿದೆ. ಅದು ಸ್ಟೋರೇಜಿನ ಒಂದು ಭಾಗವನ್ನೇ ರ‍್ಯಾಮಿನಂತೆ ಬಳಸುತ್ತದೆ. ಎಂಟು ಜಿಬಿ ಇರುವ ಫೋನಿಗೆ ಅದರ ಅಗತ್ಯವಿಲ್ಲ. ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಜಾಗವೂ ಉಳಿಯುತ್ತದೆ, ಫ್ಲ್ಯಾಶ್ ಸವೆತವೂ ತಗ್ಗುತ್ತದೆ.

ದೊಡ್ಡ ಅಪ್‌ಡೇಟಿನ ಮೊದಲ ಎರಡು ಮೂರು ದಿನ ಫೋನು ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಸಹಜ. ಹಿನ್ನೆಲೆಯಲ್ಲಿ ಎಲ್ಲ ಆ್ಯಪ್‌ಗಳು ಹೊಸ ಸಿಸ್ಟಮ್ಮಿಗೆ ಮರುಹೊಂದಿಸಲ್ಪಡುತ್ತಿರುತ್ತವೆ, ಗ್ಯಾಲರಿ ಮತ್ತೆ ಸ್ಕ್ಯಾನ್ ಆಗುತ್ತಿರುತ್ತದೆ. ವಾರ ಕಳೆದರೂ ಹಾಗೇ ಇದ್ದರೆ ಫೋನ್ ಆಫ್ ಮಾಡಿ, ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ವಾಲ್ಯೂಮ್ ಅಪ್ ಮತ್ತು ಸೈಡ್ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಲೋಗೊ ಬಂದಾಗ ಕೈಬಿಟ್ಟರೆ ರಿಕವರಿ ಪರದೆ ಬರುತ್ತದೆ. ಅಲ್ಲಿ ವೈಪ್ ಕ್ಯಾಶ್ ಪಾರ್ಟಿಶನ್ (ತಾತ್ಕಾಲಿಕ ಫೈಲುಗಳನ್ನಷ್ಟೇ ಅಳಿಸುವ ಆಯ್ಕೆ) ಇದ್ದರೆ ವಾಲ್ಯೂಮ್ ಬಟನ್ನಿಂದ ಅದಕ್ಕೆ ಇಳಿದು ಸೈಡ್ ಬಟನ್ ಒತ್ತಿ. ವೈಪ್ ಡೇಟಾ ಎಂಬ ಆಯ್ಕೆ ಅದರ ಹತ್ತಿರವೇ ಇರುತ್ತದೆ, ಅದನ್ನು ಮುಟ್ಟಿದರೆ ಫೋನಿನಲ್ಲಿರುವುದೆಲ್ಲ ಹೋಗುತ್ತದೆ. ಬ್ಯಾಕಪ್ ತೆಗೆಯದೆ ಈ ಪರದೆಗೆ ಕಾಲಿಡಬೇಡಿ. ಹಳೆಯ ಆವೃತ್ತಿಗೆ ಹಿಂತಿರುಗಿಸಿಕೊಡುತ್ತೇವೆ ಎನ್ನುವ ಅಂಗಡಿಗಳಿಗೂ ಕೊಡಬೇಡಿ: ಅಪ್‌ಡೇಟ್‌ನಲ್ಲಿ ಬೂಟ್‌ಲೋಡರ್ (ಫೋನು ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಆವೃತ್ತಿ ಏರಿದ್ದರೆ ಅದಕ್ಕಿಂತ ಹಳೆಯದು ಕೂರುವುದೇ ಇಲ್ಲ.

ಬ್ಯಾಟರಿ 5,000 ಎಂಎಎಚ್. ದಿನಾ ನೂರರವರೆಗೆ ತುಂಬಿಸುತ್ತಿದ್ದರೆ ಮೂರನೇ ವರ್ಷಕ್ಕೆ ಸೋತಿರಬಹುದು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ತೆರೆದು ಮ್ಯಾಕ್ಸಿಮಮ್ ಆಯ್ದು ಮಿತಿಯನ್ನು ಶೇ. 80ಕ್ಕೆ ಇಟ್ಟರೆ ಚಾರ್ಜ್ ಅಲ್ಲಿಗೇ ನಿಲ್ಲುತ್ತದೆ. ಸಂಜೆ ಮನೆಗೆ ಮರಳುವವರಿಗೆ ಅದು ಧಾರಾಳ. ಆರು ವರ್ಷ ಬಳಸುವ ಯೋಚನೆ ಇದ್ದರೆ ನಡುವೆ ಒಂದು ಬ್ಯಾಟರಿ ಬದಲಾವಣೆಯ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಡಯಾಗ್ನೋಸ್ಟಿಕ್ಸ್‌ನಲ್ಲಿ ಬ್ಯಾಟರಿಯ ಸ್ಥಿತಿ ಕಾಣುತ್ತದೆ. ಐಪಿ54 ರಕ್ಷಣೆಯ (ಧೂಳು, ನೀರಿನ ಹನಿ ತಡೆಯುವ) ಫೋನಾದ್ದರಿಂದ ಹಿಂಬದಿ ಬಿಚ್ಚಿದ ಮೇಲೆ ಅಂಟು ಹೊಸದಾಗಿಯೇ ಹಾಕಬೇಕು. ಈ ಕೆಲಸ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಮಾಡಿಸಿ, ಬಿಲ್ಲಿನಲ್ಲಿ ಬ್ಯಾಟರಿಯ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಡಬ್ಬಿಯಲ್ಲಿ ಚಾರ್ಜರ್ ಬರುವುದಿಲ್ಲ, 25 ವ್ಯಾಟ್‌ನದೊಂದನ್ನು ಬೇರೆ ಕೊಳ್ಳಬೇಕು.